ದೀಪದೊಳಗಿನ ಮಣ್ಣು

(ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳ್ಳಿಗಳಿಗೆ ವಿದ್ಯುತ್ತು ಬರುವುದಕ್ಕೆ ಮೊದಲು ಮದುವೆಯ ಚಪ್ಪರಕ್ಕೂ ಯಕ್ಷಗಾನದ ರಂಗಸ್ಥಳಕ್ಕೂ ಬೆಳಕು ಕೊಟ್ಟದ್ದು ಗ್ಯಾಸ್‌ಲೈಟು. ಪೆಟ್ರೋಮ್ಯಾಕ್ಸ್ ಎಂದೂ ಕರೆಯಿಸಿಕೊಂಡ ಆ ದೀಪದಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಆವಿಯಾದರೂ ಬೆಳಗುತ್ತಿದ್ದುದು ಆ ಜ್ವಾಲೆಯನ್ನು ಸುತ್ತುವರಿದ ಮ್ಯಾಂಟಲು. ಹೊಸ ಮ್ಯಾಂಟಲನ್ನು ಕಟ್ಟಿ ಮೊದಲ ಸಲ ಸುಟ್ಟಾಗ ನೂಲೆಲ್ಲ ಉರಿದುಹೋಗಿ, ಬೆರಳು ತಾಗಿದರೆ ಉದುರುವ ಬಿಳಿಯ ಜಾಲರಿಯೊಂದು ಉಳಿಯುತ್ತಿತ್ತು. ಹಿರಿಯರಿಗೆ ಇದು ನೆನಪಿದ್ದೀತು. ಆ ಜಾಲರಿ ಬಟ್ಟೆಯ ಬೂದಿಯಲ್ಲ. ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡು, ಒಂದು ಪಾಲು ಸೀರಿಯಂ ಆಕ್ಸೈಡು. ಆಸ್ಟ್ರಿಯಾದ ರಸಾಯನವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಈ ಪ್ರಮಾಣವನ್ನು ಕಂಡುಕೊಂಡನು. ಆ ಒಂದು ಪಾಲು ಸೀರಿಯಂ ಇಲ್ಲದಿದ್ದರೆ ಮ್ಯಾಂಟಲು ಮಂಕಾಗುತ್ತದೆ, ಮಿತಿಮೀರಿದರೂ ಮಂಕಾಗುತ್ತದೆ.

ಈ ಎರಡೂ ಧಾತುಗಳು ದೊರೆಯುವುದು ಮೋನಜೈಟ್ ಎಂಬ ಖನಿಜದಲ್ಲಿ. ತಿರುವಾಂಕೂರಿನಿಂದ ಯುರೋಪಿಗೆ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಶೋಂಬರ್ಗ್ ಎಂಬ ಜರ್ಮನ್ ವಿಜ್ಞಾನಿ 1909ರಲ್ಲಿ ಇದನ್ನು ಗುರುತಿಸಿದನು. ನಾರು ಬಂದ ದಾರಿಯನ್ನೇ ಹಿಡಿದು ಹಿಂದಕ್ಕೆ ಹೋದರೆ ಸಿಕ್ಕಿದ್ದು ಮಣವಾಳಕುರಿಚ್ಚಿಯ ಮತ್ತು ಚವರದ ಕಡಲತೀರ. ಅಲ್ಲಿಂದ ಮುಂದೆ ಮೂರು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನ ಮ್ಯಾಂಟಲು ಉದ್ಯಮಕ್ಕೆ ಆ ಮರಳು ಸಾಗಿತು. ದೀಪ ಎಲ್ಲಿಂದ ಬಂತೆಂದು ಕೇಳಿದರೆ ಅಂಗಡಿಯ ಹೆಸರು ಹೇಳುವುದು ವಾಡಿಕೆ. ಇಂದಿನ ಪ್ರಶ್ನೆ ಅಂಗಡಿಗಿಂತ ಹಿಂದಿನದು.

ಸೀರಿಯಂ ಸೇರಿದಂತೆ 17 ಧಾತುಗಳ ಒಂದು ಕುಟುಂಬವಿದೆ. ವಿರಳ ಭಸ್ಮ ಧಾತುಗಳೆಂದು ಪಠ್ಯಪುಸ್ತಕಗಳಲ್ಲಿ ಇವುಗಳ ಹೆಸರು. ಹೆಸರೇ ತಪ್ಪು ಕಲ್ಪನೆಗೆ ಎಡೆಮಾಡುತ್ತದೆ, ಏಕೆಂದರೆ ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ವಿರಳವಾದದ್ದು ಇವು ಒಂದೆಡೆ ಗಟ್ಟಿಯಾಗಿ ಸಿಗುವ ಸ್ಥಳ. ಕಷ್ಟವಾದದ್ದು ಇವನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಕೆಲಸ. ಅವಳಿಜವಳಿಗಳಂತೆ ಒಂದೇ ರಾಸಾಯನಿಕ ನಡತೆಯ ಈ ಧಾತುಗಳನ್ನು ಬಿಡಿಸಲು ಆಮ್ಲ ಮತ್ತು ದ್ರಾವಕಗಳಲ್ಲಿ ನೂರಾರು ಬಾರಿ ತೊಳೆಯಬೇಕಾಗುತ್ತದೆ. ಉಳಿಯುವ ಕೊಳೆನೀರಿನ ಲೆಕ್ಕ ದೀಪದ ಪೆಟ್ಟಿಗೆಯ ಮೇಲೆ ಮುದ್ರಿತವಾಗುವುದಿಲ್ಲ.

ಮ್ಯಾಂಟಲು ಬೆಳಗುವುದು ಕಾವಿನಿಂದ. ಕಾವಿಲ್ಲದೆ ಬೆಳಗುವುದೂ ಸಾಧ್ಯವೆಂಬುದಕ್ಕೆ ಮುಂಗಾರಿಗೆ ಮುನ್ನ ಘಟ್ಟದ ಮರಗಳನ್ನು ತುಂಬುವ ಮಿಂಚುಹುಳುಗಳೇ ಸಾಕ್ಷಿ. ಅವಕ್ಕೆ ಯಾವ ವಿರಳ ಧಾತುವೂ ಬೇಡ. ದೇಹದೊಳಗಿನ ಜೈವಿಕ ಕ್ರಿಯೆಯೇ ಸಾಕು. ಮನುಷ್ಯ ಮಾಡಿದ ತಂಪು ಬೆಳಕಿಗೆ ಮಾತ್ರ ದೀಪ್ತಿವಸ್ತುಗಳೆಂಬ ಪುಡಿಗಳು ಬೇಕಾದವು. ಕಣ್ಣಿಗೆ ಕಾಣದ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬಿಡುವುದು ಇವುಗಳ ಗುಣ.

ವಿರಳ ಭಸ್ಮ ಧಾತುಗಳು ಈ ಕೆಲಸದಲ್ಲಿ ಮೇಲುಗೈ ಸಾಧಿಸಿದ್ದಕ್ಕೆ ಕಾರಣ ಅವುಗಳ ಪರಮಾಣುವಿನ ರಚನೆಯಲ್ಲಿದೆ. ಪರಮಾಣುವಿನ ಇಲೆಕ್ಟ್ರಾನು ಶಕ್ತಿಯನ್ನು ಪಡೆದು ಮೇಲಿನ ಹಂತಕ್ಕೇರಿ, ಕೆಳಗಿಳಿಯುವಾಗ ಅದನ್ನು ಬೆಳಕಾಗಿ ಬಿಡಬಲ್ಲದು. ಆದರೆ ಬಹುಪಾಲು ವಸ್ತುಗಳಲ್ಲಿ ನೆರೆಯ ಪರಮಾಣುಗಳ ಅಲುಗಾಟಕ್ಕೆ ಸಿಕ್ಕಿ ಆ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಯೂರೋಪಿಯಂ, ಟರ್ಬಿಯಂ ಮೊದಲಾದವುಗಳಲ್ಲಿ ಈ ಏರಿಳಿತ ನಡೆಸುವ ಇಲೆಕ್ಟ್ರಾನುಗಳು ಒಳಮನೆಯಲ್ಲಿವೆ. ಹೊರಗಿನ ಇಲೆಕ್ಟ್ರಾನುಗಳು ಅವಕ್ಕೆ ಹೊದಿಕೆಯಂತಿವೆ. ಹಣ್ಣಡಿಕೆಯ ಸಿಪ್ಪೆಯೊಳಗೆ ಬೆಟ್ಟೆ ಇರುವಂತೆ ಎಂದರೆ ಮಲೆನಾಡಿನವರಿಗೆ ತಿಳಿದೀತು. ಹೊರಗಿನ ಒತ್ತಡ ಒಳಗೆ ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ ಬೆಳಕು ಸೋರುವುದಿಲ್ಲ, ಬಣ್ಣವೂ ಕದಡುವುದಿಲ್ಲ. ಇಟ್ರಿಯಂ ಆಕ್ಸೈಡಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಯೂರೋಪಿಯಂ ಬೆರೆಸಿದರೆ ಅದು 611 ನ್ಯಾನೊಮೀಟರಿನ ಆಸುಪಾಸಿನಲ್ಲಿ ಅಚ್ಚ ಕೆಂಪನ್ನು ಕೊಡುತ್ತದೆ. ಅದೇ ಯೂರೋಪಿಯಂ, ಮೂರರ ಬದಲು ಎರಡು ಇಲೆಕ್ಟ್ರಾನು ಕಳೆದುಕೊಂಡ ಸ್ಥಿತಿಯಲ್ಲಿ ಬೇರಿಯಂ ಮೆಗ್ನೀಷಿಯಂ ಅಲ್ಯುಮಿನೇಟಿನೊಳಗೆ ಕುಳಿತಾಗ ನೀಲಿಯನ್ನು ಬೀರುತ್ತದೆ. ಟರ್ಬಿಯಂನದು ಹಸಿರು.

ಮೊದಲು ಈ ಕೆಂಪನ್ನು ಬಳಸಿಕೊಂಡದ್ದು ಬಣ್ಣದ ಟೆಲಿವಿಷನ್. 1964ರಲ್ಲಿ ಅಮೆರಿಕದ ಲೆವೀನ್ ಮತ್ತು ಪಲಿಲ್ಲಾ ಯೂರೋಪಿಯಂ ಬೆರೆತ ಇಟ್ರಿಯಂ ವೆನಡೇಟನ್ನು ಪ್ರಕಟಿಸುವವರೆಗೆ ಪರದೆಯ ಕೆಂಪು ತೀರ ಮಂಕಾಗಿದ್ದು, ಅದಕ್ಕೆ ಸರಿಹೊಂದಲೆಂದು ಉಳಿದ ಎರಡು ಬಣ್ಣಗಳನ್ನೂ ತಗ್ಗಿಸಬೇಕಾಗಿತ್ತು. ಅನಂತರ 1970ರ ದಶಕದಲ್ಲಿ ಕೆಂಪು, ಹಸಿರು, ನೀಲಿ ಪುಡಿಗಳನ್ನು ಬೆರೆಸಿ ಕೊಳವೆಯ ಒಳಗೋಡೆಗೆ ಬಳಿಯುವ ವಿಧಾನ ಬಂತು. ಪಾದರಸದ ಆವಿ ಹೊರಸೂಸುವ 254 ನ್ಯಾನೊಮೀಟರಿನ ನೇರಳಾತೀತ ಕಿರಣವನ್ನು ಈ ಲೇಪ ಬಿಳಿಯ ಬೆಳಕಾಗಿಸುತ್ತದೆ. 1980ರಲ್ಲಿ ಫಿಲಿಪ್ಸ್ ಕಂಪನಿ ಇದನ್ನೇ ಮಡಚಿದ ಪುಟ್ಟ ಕೊಳವೆಯಾಗಿ ಮಾರುಕಟ್ಟೆಗೆ ತಂದಿತು. ಅದೇ ಸಿಎಫ್‌ಎಲ್.

ಈ ದೀಪಕ್ಕೂ ಮಲೆನಾಡಿನ ಚಳವಳಿಗೂ ಸಂಬಂಧವಿದೆ. 1964ರ ಲಿಂಗನಮಕ್ಕಿಯ ಮುಳುಗಡೆಯನ್ನು ಕಂಡ, ಕೈಗಾದ ಅಣುಸ್ಥಾವರವನ್ನು ವಿರೋಧಿಸಿದ ಈ ಸೀಮೆಯಲ್ಲಿ 'ವಿದ್ಯುತ್ತು ಬೇಡವೇ?' ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಉಳಿತಾಯವೂ ಒಂದು. ಆ ಉತ್ತರದಲ್ಲಿ ಹುರುಳಿತ್ತು. 60 ವಾಟಿನ ನಾಲ್ಕು ಬಲ್ಬುಗಳಿದ್ದ ಮನೆ 14 ವಾಟಿನ ನಾಲ್ಕು ಸಿಎಫ್‌ಎಲ್ ಹಾಕಿಕೊಂಡರೆ 240 ವಾಟಿನ ಜಾಗದಲ್ಲಿ 56 ವಾಟು ಸಾಕು. ಅಂಥ ಒಂದು ಲಕ್ಷ ಮನೆಗಳಿಂದ ಸಂಜೆಯ ಹೊತ್ತಿಗೆ 18 ಮೆಗಾವಾಟಿಗೂ ಮಿಕ್ಕ ಹೊರೆ ಇಳಿಯುತ್ತದೆ. 2009ರಲ್ಲಿ ಕೇಂದ್ರ ಸರ್ಕಾರದ ಬಚತ್ ಲ್ಯಾಂಪ್ ಯೋಜನೆ ಸಿಎಫ್‌ಎಲ್ಲನ್ನು ಹಳೆಯ ಬಲ್ಬಿನ ಬೆಲೆಗೆ ಕೊಡಲು ಹೊರಟಿತು. 2015ರಿಂದ ಉಜಾಲಾ ಯೋಜನೆಯಡಿ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದವು. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಖಾಲಿಯಿತ್ತು. ಕೊಳವೆಗೆ ಬಳಿದ ಬಿಳಿಯ ಪುಡಿ ಯಾವ ಬೆಟ್ಟದ್ದು ಎಂಬ ಪುಟ ಅದು.

ಆ ಪುಟಕ್ಕೆ ಹೋಗುವ ಮುನ್ನ ವೈದ್ಯಕೀಯದ ಮಾತನ್ನು ಹೇಳಲೇಬೇಕು. ಇಲ್ಲವಾದರೆ ಈ ಪುಡಿಗಳನ್ನು ಬರಿಯ ಭೋಗವಸ್ತುವೆಂದು ತಳ್ಳಿಹಾಕುವ ಅಪಾಯವಿದೆ.

ಎಕ್ಸ್‌ರೇ ಕಿರಣಕ್ಕೆ ಛಾಯಾಚಿತ್ರದ ಫಿಲ್ಮು ಅಷ್ಟಾಗಿ ಸ್ಪಂದಿಸುವುದಿಲ್ಲ. ಆದಕಾರಣ ಫಿಲ್ಮಿಗೆ ಅಂಟಿದಂತೆ ದೀಪ್ತಿಯ ಪರದೆಯನ್ನಿಟ್ಟು, ಅದು ಹೊಮ್ಮಿಸುವ ಬೆಳಕಿನಿಂದ ಚಿತ್ರ ತೆಗೆಯುವುದು 1896ರಿಂದಲೇ ರೂಢಿಗೆ ಬಂತು. ಮುಕ್ಕಾಲು ಶತಮಾನ ಆ ಪರದೆ ಕ್ಯಾಲ್ಸಿಯಂ ಟಂಗ್‌ಸ್ಟೇಟಿನದಾಗಿತ್ತು. 1970ರ ದಶಕದಲ್ಲಿ ಟರ್ಬಿಯಂ ಬೆರೆತ ಗ್ಯಾಡೋಲಿನಿಯಂ ಆಕ್ಸಿಸಲ್ಫೈಡಿನ ಪರದೆಗಳು ಬಂದಾಗ ಅದೇ ಸ್ಪಷ್ಟತೆಯ ಚಿತ್ರಕ್ಕೆ ಬೇಕಾದ ವಿಕಿರಣ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಿತು. ರೋಗಿಯ ಎದೆಗೂಡು ಹಾದುಹೋಗುವ ಕಿರಣದ ಪ್ರಮಾಣವಿದು. ಮಕ್ಕಳ ವಿಷಯದಲ್ಲಿ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿಲ್ಮು ಹೋಗಿ ಡಿಜಿಟಲ್ ಯಂತ್ರಗಳು ಬಂದ ಮೇಲೂ ಹಲವು ಯಂತ್ರಗಳ ಒಳಗೆ ಇದೇ ವಸ್ತು ಕುಳಿತಿದೆ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಗಡ್ಡೆಯನ್ನು ಹುಡುಕುವ ಪೆಟ್ ಸ್ಕ್ಯಾನಿನಲ್ಲಿ ಸೀರಿಯಂ ಬೆರೆತ ಲುಟೀಷಿಯಂ ಸಿಲಿಕೇಟಿನ ಹರಳುಗಳಿರುತ್ತವೆ. ಗಾಮಾ ಕಿರಣ ತಾಗಿದೊಡನೆ ಮಿನುಗಿ ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಲಕ್ಷಾಂತರ ಪಟ್ಟು ಬೇಗ ಆರಿಬಿಡುವುದು ಅವುಗಳ ಹೆಚ್ಚುಗಾರಿಕೆ.

ಇದಕ್ಕೆ ತದ್ವಿರುದ್ಧವಾಗಿ ನಿಧಾನವೇ ಗುಣವಾದ ಒಂದು ಬಳಕೆಯೂ ಇದೆ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಾರ್ಮೋನನ್ನು ಅಳೆಯಬೇಕಾದಾಗ ಅದಕ್ಕೆ ಬೆಳಗುವ ಗುರುತೊಂದನ್ನು ಕಟ್ಟುತ್ತಾರೆ. ತೊಡಕೆಂದರೆ, ರಕ್ತದ ಪ್ರೋಟೀನುಗಳೂ ತಾವಾಗಿಯೇ ಸ್ವಲ್ಪ ಬೆಳಗುತ್ತವೆ. ಆದರೆ ಅವುಗಳ ಮಿನುಗು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಹೊತ್ತು. ಯೂರೋಪಿಯಂ ಗುರುತಿನ ಬೆಳಕೋ ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನವರೆಗೆ ನಿಲ್ಲುತ್ತದೆ. ಮಿಂಚಿನ ಬೆಳಕನ್ನು ಹಾಯಿಸಿ, ಪ್ರೋಟೀನುಗಳ ಗದ್ದಲ ಅಡಗುವವರೆಗೆ ಕಾದು, ಆಮೇಲೆ ಅಳೆದರೆ ಉಳಿದ ಬೆಳಕೆಲ್ಲ ಯೂರೋಪಿಯಂನದೇ. 1980ರ ದಶಕದ ಆರಂಭದಲ್ಲಿ ಫಿನ್ಲೆಂಡಿನ ತುರ್ಕು ನಗರದಲ್ಲಿ ರೂಪುಗೊಂಡ ಈ ವಿಧಾನ ನವಜಾತ ಶಿಶುಗಳ ತಪಾಸಣೆಗೆ ಹಲವು ದೇಶಗಳಲ್ಲಿ ಬಳಕೆಗೆ ಬಂತು. ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ ಸಾಕು. ಥೈರಾಯ್ಡ್ ಗ್ರಂಥಿ ಕೆಲಸ ಮಾಡದ ಮಗುವನ್ನು ಮೊದಲ ವಾರಗಳಲ್ಲೇ ಗುರುತಿಸಿ ಅಗ್ಗದ ಗುಳಿಗೆಯಿಂದ ಬುದ್ಧಿಮಾಂದ್ಯವನ್ನು ತಪ್ಪಿಸಬಹುದು. ಅಯೋಡಿನ್ ಕೊರತೆಯೂ ಗಳಗಂಡವೂ ಜಗತ್ತಿನ ಬೆಟ್ಟಸೀಮೆಗಳ ಹಳೆಯ ಪಿಡುಗಾದ್ದರಿಂದ ಈ ಮಾತು ಇಲ್ಲಿನ ತಾಯಂದಿರಿಗೂ ಸಲ್ಲುತ್ತದೆ.

ಇನ್ನೊಂದು ವಸ್ತು ಮಲೆನಾಡಿನ ಒಳಗೇ ದಿನವೂ ಓಡಾಡುತ್ತಿದೆ. ಭಾರತದಲ್ಲಿ ವಿಕಿರಣದ ನಡುವೆ ದುಡಿಯುವವರು ಎದೆಗೆ ಧರಿಸುವ ಟಿಎಲ್‌ಡಿ ಬಿಲ್ಲೆಯಲ್ಲಿ ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟಿನ ತಟ್ಟೆಗಳಿರುತ್ತವೆ. ಬಿದ್ದ ವಿಕಿರಣವನ್ನು ಅದು ಕೂಡಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುತ್ತದೆ. ಬೆಳಕು ಎಷ್ಟೋ ಪಡೆದ ವಿಕಿರಣ ಅಷ್ಟು. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಈ ಬಿಲ್ಲೆ ಒಳ್ಳೆಯ ಸಾಧನವೇ. ಅದಕ್ಕೂ ಕಾಣದ್ದು ಉಂಟು. ಟ್ರಿಷಿಯಂ ಹೊರಬಿಡುವ ಕಣ ಬಿಲ್ಲೆಯ ಹೊದಿಕೆಯನ್ನೂ ದಾಟಲಾರದಷ್ಟು ದುರ್ಬಲ. ಹೊಟ್ಟೆಗೆ ಸೇರಿದರೆ ಮಾತ್ರ ಒಳಗಿನಿಂದಲೇ ಕೆಲಸ ಮಾಡುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಕೆಲಸಗಾರರ ದೇಹಕ್ಕೆ ಕುಡಿಯುವ ನೀರಿನ ಮೂಲಕ ಟ್ರಿಷಿಯಂ ಸೇರಿದ್ದು ಗೊತ್ತಾದದ್ದು ಮೂತ್ರಪರೀಕ್ಷೆಯಿಂದ.

ಈಗ ಖಾಲಿ ಬಿಟ್ಟ ಪುಟ. ಕೇರಳದ ಮರಳಿನ ಮೋನಜೈಟಿನಲ್ಲಿ ಲ್ಯಾಂಥನಂ, ಸೀರಿಯಂ, ನಿಯೋಡಿಮಿಯಂ ಹೇರಳ. ದೀಪಕ್ಕೆ ಮುಖ್ಯವಾಗಿ ಬೇಕಾದ ಇಟ್ರಿಯಂ, ಯೂರೋಪಿಯಂ, ಟರ್ಬಿಯಂ ಅದರಲ್ಲಿ ತೀರ ಅಲ್ಪ. ಇವುಗಳನ್ನು ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ಒದಗಿಸಿದ್ದು ದಕ್ಷಿಣ ಚೀನದ ಜಿಯಾಂಗ್‌ಷಿ ಪ್ರಾಂತದ ಗಾನ್‌ಝೌ ಸೀಮೆಯ ಬೆಟ್ಟಗಳು. ಬೆಚ್ಚನೆಯ ಹವೆ, ಧಾರಾಳ ಮಳೆ, ಕೊಳೆತ ಗ್ರಾನೈಟಿನಿಂದಾದ ಕೆಂಪು ಮಣ್ಣು, ಇಳಿಜಾರಿನಲ್ಲಿ ಕಿತ್ತಳೆ ತೋಟ, ತಪ್ಪಲಿನಲ್ಲಿ ಭತ್ತದ ಗದ್ದೆ. ಮಲೆನಾಡಿನ ರೈತನನ್ನು ಅಲ್ಲಿ ಇಳಿಸಿದರೆ ಪರಸ್ಥಳವೆನಿಸುವುದು ತುಸು ತಡವಾದೀತು. 1969ರಲ್ಲಿ ಲಾಂಗ್‌ನಾನ್ ಎಂಬಲ್ಲಿ ಈ ಮಣ್ಣಿನೊಳಗೇ ವಿರಳ ಧಾತುಗಳು ಇರುವುದು ಪತ್ತೆಯಾಯಿತು. ಕೆಂಪು ಮಣ್ಣು ಕಂಡಲ್ಲೆಲ್ಲ ಯೂರೋಪಿಯಂ ಇದೆಯೆಂದು ಇದರ ಅರ್ಥವಲ್ಲ. ಕೆಳಗಿನ ಬಂಡೆಯಲ್ಲಿ ಅದು ಮೊದಲೇ ಇರಬೇಕು.

ಅಲ್ಲಿ ಧಾತು ಇರುವ ರೀತಿ ಮಣ್ಣುಪರೀಕ್ಷೆಯ ಚೀಟಿ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಜೇಡಿಕಣಗಳ ಮೈ ಋಣ ವಿದ್ಯುದಂಶದ್ದು. ಕ್ಯಾಲ್ಸಿಯಂ, ಪೊಟ್ಯಾಶಿಯಂಗಳ ಧನ ಅಯಾನುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಬೇರು ಉಣ್ಣುವುದು ಅಲ್ಲಿಂದಲೇ. ಅಮೋನಿಯಂ ಸಲ್ಫೇಟ್ ಗೊಬ್ಬರ ಹಾಕಿದಾಗ ಅಮೋನಿಯಂ ಅಯಾನು ಕ್ಯಾಲ್ಸಿಯಂನ ಜಾಗದಲ್ಲಿ ಕುಳಿತು ಅದನ್ನು ಹೊರದೂಡುತ್ತದೆ. ಗಾನ್‌ಝೌ ಬೆಟ್ಟಗಳ ಜೇಡಿಗೆ ಕ್ಯಾಲ್ಸಿಯಂನ ಜೊತೆಗೆ ಇಟ್ರಿಯಂ, ಟರ್ಬಿಯಂಗಳೂ ಅಂಟಿಕೊಂಡಿವೆ. ಅವುಗಳನ್ನು ಹೊರದೂಡಲು ಬಳಸಿದ್ದೂ ಅದೇ ಅಮೋನಿಯಂ ಸಲ್ಫೇಟ್. ಬಂಡೆ ಒಡೆಯುವುದು ಬೇಡ, ಸಿಡಿಮದ್ದು ಬೇಡ. ಉಪ್ಪುನೀರು ಹಾಯಿಸಿ, ಇಳಿದು ಬಂದ ದ್ರಾವಣವನ್ನು ಕೊಳದಲ್ಲಿ ಹಿಡಿದರೆ ಸಾಕು. ಇದಕ್ಕಿಂತ ಸುಲಭದ ಗಣಿಗಾರಿಕೆ ಇನ್ನೊಂದಿಲ್ಲವೆಂಬ ಕಾರಣಕ್ಕೇ ಅದು ಅಷ್ಟು ಹಾಳುಗೆಡವಿತು.

ಮಣ್ಣಿನಲ್ಲಿ ಧಾತುವಿನ ಪಾಲು ಸಾವಿರಕ್ಕೆ ಒಂದರ ಆಸುಪಾಸು. ಎಂದರೆ ಒಂದು ಕಿಲೋ ಪಡೆಯಲು ಟನ್ನಿನಷ್ಟು ಮಣ್ಣನ್ನು ತೊಳೆಯಬೇಕು. ಮೊದಲ ದಶಕಗಳಲ್ಲಿ ಕಾಡು ಸವರಿ, ಗುಡ್ಡದ ನೆತ್ತಿ ಕೆರೆದು, ಮಣ್ಣನ್ನು ತೊಟ್ಟಿಗೆ ತುಂಬಿ ತೊಳೆದು, ತೊಳೆದ ಮಣ್ಣನ್ನು ಕಣಿವೆಗೆ ಸುರಿದರು. ಮಳೆಗೆ ಅದು ಗದ್ದೆಗಳ ಮೇಲೆ ಹರಿಯಿತು. ಆಮೇಲೆ ಗುಡ್ಡ ಅಗೆಯದೆ, ನೆತ್ತಿಯಲ್ಲಿ ತೂತು ಕೊರೆದು ದ್ರಾವಣವನ್ನು ಒಳಕ್ಕೆ ಇಳಿಸುವ ವಿಧಾನ ಬಂತು. ಮರಗಳು ಉಳಿಯುವುದರಿಂದ ಇದನ್ನು ಪರಿಸರಸ್ನೇಹಿಯೆಂದು ಕರೆದದ್ದೂ ಉಂಟು. ಆದರೆ ಒಳಗೆ ನೀರು ಕುಡಿದ ಗುಡ್ಡ ಜಾರುತ್ತದೆಂಬುದನ್ನು ಘಟ್ಟದ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಹಿಡಿಯಲಾಗದೆ ಸೋರಿದ ಅಮೋನಿಯಾ ತೊರೆ, ಬಾವಿಗಳನ್ನು ಸೇರಿ ಮಣ್ಣನ್ನು ಹುಳಿಯಾಗಿಸಿತು. ಗದ್ದೆಗೆ ಚೀಲದಲ್ಲಿ ಅಳೆದು ಹಾಕುವ ಗೊಬ್ಬರವನ್ನು ಬೆಟ್ಟಕ್ಕೆ ಟನ್ನುಗಟ್ಟಲೆ ಕುಡಿಸಿದರೆ ಇನ್ನೇನಾದೀತು? 2012ರಲ್ಲಿ ಚೀನ ಸರ್ಕಾರದ ಕಡೆಯಿಂದಲೇ ಹೊರಬಂದ ಅಂದಾಜಿನಂತೆ ಗಾನ್‌ಝೌ ಸೀಮೆಯನ್ನು ಸರಿಪಡಿಸಲು ಸುಮಾರು 3,800 ಕೋಟಿ ಯುವಾನ್ ಬೇಕಾಗಿತ್ತು.

ಚೀನ ತನ್ನ ಬೆಟ್ಟಗಳಲ್ಲಿ ಬಿಗಿ ಮಾಡತೊಡಗಿದಾಗ ಗಣಿ ಗಡಿ ದಾಟಿತು. ಮ್ಯಾನ್ಮಾರಿನ ಕಚಿನ್ ರಾಜ್ಯದ ಪಾಂಗ್ವಾ, ಚಿಪ್ವಿ ಬೆಟ್ಟಗಳಲ್ಲಿ 2022ರ ಮಾರ್ಚ್ ವೇಳೆಗೆ ದ್ರಾವಣ ಹಿಡಿಯುವ 2,700ಕ್ಕೂ ಹೆಚ್ಚು ಕೊಳಗಳನ್ನು ಗ್ಲೋಬಲ್ ವಿಟ್ನೆಸ್ ಸಂಸ್ಥೆ ಉಪಗ್ರಹ ಚಿತ್ರಗಳಲ್ಲಿ ಎಣಿಸಿತು. ಐರಾವತಿ ನದಿ ಹುಟ್ಟುವ ಸೀಮೆಯದು.

ಕೆಂಪು ದೀಪ್ತಿವಸ್ತುವಿಗಾಗಿ ಊರೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಥೆ ಇದಕ್ಕಿಂತ ಹಳೆಯದು. ಮಲೇಷಿಯಾದ ಬುಕಿತ್ ಮೇರಾ ಎಂಬಲ್ಲಿ 1982ರಿಂದ ಏಷಿಯನ್ ರೇರ್ ಅರ್ತ್ ಎಂಬ ಕಾರ್ಖಾನೆ ತವರದ ಗಣಿಯ ಉಳಿಕೆಯಿಂದ ಇಟ್ರಿಯಂ ತೆಗೆಯುತ್ತಿತ್ತು. ಥೋರಿಯಂ ತುಂಬಿದ ತ್ಯಾಜ್ಯ ಊರ ಬದಿಯಲ್ಲೇ ಬೀಳುತ್ತಿದ್ದುದರ ವಿರುದ್ಧ ಎಂಟು ಮಂದಿ ನಿವಾಸಿಗಳು 1985ರಲ್ಲಿ ದಾವೆ ಹೂಡಿದರು. 1992ರಲ್ಲಿ ಇಪೋ ಹೈಕೋರ್ಟು ಕಾರ್ಖಾನೆಯನ್ನು ಮುಚ್ಚುವಂತೆ ಆದೇಶಿಸಿತು. 1993ರ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತಾದರೂ ಜನರ ವಿರೋಧದ ಮುಂದೆ ಕಾರ್ಖಾನೆ 1994ರಲ್ಲಿ ತಾನೇ ಬಾಗಿಲು ಹಾಕಿತು. ನ್ಯಾಯಾಲಯದಲ್ಲಿ ಸೋತು ಊರಿನಲ್ಲಿ ಗೆದ್ದ ಅಪರೂಪದ ಪ್ರಕರಣವಿದು. ತ್ಯಾಜ್ಯವನ್ನು ಹೂಳುವ ಕೆಲಸ ಮಾತ್ರ ಇನ್ನೂ ಎರಡು ದಶಕ ಎಳೆಯಿತು.

ಹಾಗಾದರೆ ದೀಪ ಹಚ್ಚುವುದು ತಪ್ಪೇ? ಇಲ್ಲ. ಎಲ್‌ಇಡಿ ಬಂದ ಮೇಲೆ ಈ ಲೆಕ್ಕ ಬಹಳ ಹಗುರಾಗಿದೆ. ಸಿಎಫ್‌ಎಲ್ಲಿನಲ್ಲಿ ಒಂದೆರಡು ಗ್ರಾಂ ಪುಡಿಯಿದ್ದರೆ ಎಲ್‌ಇಡಿಯ ನೀಲಿ ಬಿಲ್ಲೆಯ ಮೇಲಿನ ಹಳದಿ ಲೇಪ ಮಿಲಿಗ್ರಾಂಗಳ ಲೆಕ್ಕದ್ದು. ಪಾದರಸವೂ ಇಲ್ಲ. ಇಂದು ಕಚಿನ್ ಬೆಟ್ಟಗಳ ಮೇಲಿನ ಒತ್ತಡದ ದೊಡ್ಡ ಪಾಲು ದೀಪದ್ದಲ್ಲ, ವಿದ್ಯುತ್ ವಾಹನ ಮತ್ತು ಗಾಳಿಯಂತ್ರಗಳ ಅಯಸ್ಕಾಂತಗಳದ್ದು. ಅವೂ ಪರಿಸರದ ಹೆಸರಿನಲ್ಲೇ ಬಂದಿವೆ ಎಂಬುದನ್ನು ಮರೆಯುವಂತಿಲ್ಲ. ಇತ್ತ 2025ರ ಏಪ್ರಿಲ್‌ನಲ್ಲಿ ಚೀನ ರಫ್ತು ನಿಯಂತ್ರಣಕ್ಕೆ ಒಳಪಡಿಸಿದ ಏಳು ಧಾತುಗಳಲ್ಲಿ ಇಟ್ರಿಯಂ, ಟರ್ಬಿಯಂ, ಗ್ಯಾಡೋಲಿನಿಯಂ, ಲುಟೀಷಿಯಂಗಳೂ ಇದ್ದವು. ಎಕ್ಸ್‌ರೇ ಪರದೆ, ಸ್ಕ್ಯಾನ್ ಹರಳುಗಳ ಧಾತುಗಳೇ ಅವು.

ಇಂಥ ಹೊತ್ತಿನಲ್ಲಿ ಸತ್ತ ಟ್ಯೂಬ್‌ಲೈಟು ಹಿತ್ತಿಲ ಹಳ್ಳದ ಬದಿ ಬಿದ್ದಿರುವುದನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಅದರ ಒಳಗೋಡೆಯ ಪುಡಿಯಲ್ಲಿ ಯೂರೋಪಿಯಂ, ಟರ್ಬಿಯಂಗಳ ಪಾಲು ಗಾನ್‌ಝೌ ಮಣ್ಣಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬೆಲ್ಜಿಯಂನ ಸಾಲ್ವೇ ಕಂಪನಿ 2012ರಲ್ಲಿ ಫ್ರಾನ್ಸಿನಲ್ಲಿ ಹಳೆಯ ದೀಪಗಳಿಂದ ಈ ಧಾತುಗಳನ್ನು ಮರಳಿ ಪಡೆಯುವ ಘಟಕ ತೆರೆಯಿತು. ಕೆಲಸ ನಡೆಯಿತು, ಧಾತು ದೊರೆಯಿತು. ಆದರೆ ಗಣಿಯ ಧಾತುವಿನ ಬೆಲೆ ಇಳಿದು, ಎಲ್‌ಇಡಿಯಿಂದ ಬೇಡಿಕೆಯೂ ಕುಗ್ಗಿದಾಗ 2016ರಲ್ಲಿ ಅದನ್ನು ಮುಚ್ಚಿಬಿಟ್ಟರು. ಬೆಟ್ಟ ಹಾಳಾದ ಖರ್ಚನ್ನು ಸೇರಿಸದೆ ಕಟ್ಟಿದ ಬೆಲೆಯೊಡನೆ ಸ್ಪರ್ಧಿಸಿ ಗೆಲ್ಲುವ ಮರುಬಳಕೆ ಎಲ್ಲಿಯೂ ಇಲ್ಲ.

ಮಿನಮಾಟ ಒಪ್ಪಂದದ ಪ್ರಕಾರ ಸಾಮಾನ್ಯ ಬೆಳಕಿನ ಪಾದರಸದ ಕೊಳವೆದೀಪಗಳ ತಯಾರಿಕೆ 2027ಕ್ಕೆ ಮುಗಿಯಬೇಕಾಗಿದೆ. ಎಂದರೆ ಮುಂದಿನ ಕೆಲವು ವರ್ಷ ಶಾಲೆ, ಪಂಚಾಯಿತಿ ಕಚೇರಿ, ಸಹಕಾರ ಸಂಘ, ಅಡಿಕೆ ಮಂಡಿಗಳಿಂದ ಹಳೆಯ ಟ್ಯೂಬುಗಳು ಒಟ್ಟಾಗಿ ಹೊರಬೀಳಲಿವೆ. ಅವುಗಳನ್ನು ಒಡೆಯದೆ, ನಿಲ್ಲಿಸಿ, ಒಂದೆಡೆ ಕೂಡಿಡುವುದು ಮೊದಲ ಕೆಲಸ. ಒಡೆದರೆ ಕಿಟಕಿ ತೆರೆದು ಹೊರಬಂದು, ಕಾಲು ಗಂಟೆಯ ಮೇಲೆ ಗಟ್ಟಿ ಕಾಗದದಿಂದ ಒಟ್ಟುಮಾಡಿ ಮುಚ್ಚಳದ ಡಬ್ಬಿಗೆ ಹಾಕಬೇಕು. ಪೊರಕೆಯಿಂದ ಗುಡಿಸಿದರೆ ಪಾದರಸ ಚದುರುತ್ತದೆ. ಭಾರತದ ಇ-ತ್ಯಾಜ್ಯ ನಿಯಮಗಳು 2016ರಿಂದಲೇ ಈ ದೀಪಗಳನ್ನು ಒಳಗೊಂಡಿವೆ. ಅವುಗಳ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತಾಲ್ಲೂಕಿನ ಎಷ್ಟು ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಹಳೆಯ ದೀಪ ಹಾಕುವ ಪೆಟ್ಟಿಗೆಯಿದೆ, ಸಂತೆಪೇಟೆಯ ಹಳ್ಳದಲ್ಲಿ ಎಷ್ಟು ಟ್ಯೂಬುಗಳು ಬಿದ್ದಿವೆ ಎಂಬುದನ್ನು ಶಿಬಿರದ ವಿದ್ಯಾರ್ಥಿಗಳು ಒಂದು ಭಾನುವಾರ ಎಣಿಸಿ, ಆ ಎರಡು ಅಂಕಿಗಳನ್ನು ಪಂಚಾಯಿತಿಯ ಮುಂದಿಡಬಹುದು.